ನೂರಿಪ್ಪತ್ತೊಂಬತ್ತು

ಮಧ್ಯಾಹ್ನ ಎರಡಕ್ಕೆ ಟೆಂಡರು ಮುಚ್ಚುತ್ತದೆ.
ಒಂದು ಐವತ್ತೆಂಟರವರೆಗೆ ದಾವಣಗೆರೆಯ ದಲಾಲಿ ಅಂಗಡಿಗಳೆಲ್ಲ
ಮೆಕ್ಕೆಜೋಳ ಅಂಗೈಯಲ್ಲಿ ಉಜ್ಜುತ್ತ, ಹಲ್ಲಲ್ಲಿ ಕಡಿದು ತೇವ ನೋಡುತ್ತ,
ಒಬ್ಬರ ಮುಖ ಒಬ್ಬರು ಓದುತ್ತ ಕೂತಿರುತ್ತವೆ.
ದರ ಮೊದಲೇ ಬರೆದವನು ಕೆಟ್ಟ.
ಆಮೇಲೆ ಎಲ್ಲರ ಹೆಬ್ಬೆರಳೂ ಒಟ್ಟಿಗೆ ಬೀಳುತ್ತದೆ
ಎಪಿಎಂಸಿ ಮಹಡಿಯಲ್ಲಿ ಗೋಣಿಚೀಲದ ದೂಳು ಕುಡಿಯುತ್ತ ಕೂತ
ನನ್ನ ಒಂದೇ ಸರ್ವರಿನ ಮೇಲೆ.

ಸಾಲಿನ ಮಿತಿ ನೂರಿಪ್ಪತ್ತೆಂಟು.
ಪರದೆ ತೋರಿಸಿತು: ನಿಂತವರು ನೂರಿಪ್ಪತ್ತೊಂಬತ್ತು.
ತಪ್ಪಲ್ಲ ಅದು, ಲೆಕ್ಕವೇ ಹಾಗೆ.
ಮಿತಿ ಮೀರಿತೇ ಎಂದು ಯಂತ್ರ ಕೇಳುವುದು
ಒಬ್ಬ ಹೆಚ್ಚಿಗೆ ಕಾಲಿಟ್ಟ ಮೇಲೆ.
ಅವನ ಹಿಂದಿನವರಿಗೆ ಬಾಗಿಲಿಲ್ಲ,
ಇಲ್ಲ ಅನ್ನುವ ಬಾಯೂ ಇಲ್ಲ.
ಕದ ತಟ್ಟುತ್ತಾರೆ, ಒಂದು ಸೆಕೆಂಡು ಕಾಯುತ್ತಾರೆ,
ತಟ್ಟುತ್ತಾರೆ, ಎರಡು,
ತಟ್ಟುತ್ತಾರೆ, ನಾಲ್ಕು,
ಅಷ್ಟರಲ್ಲಿ ಗಂಟೆ ಎರಡು.

ಮುರಿಗೆಪ್ಪ ಮೆಟ್ಟಿಲು ಹತ್ತಿ ಬಂದ. ಬೈಯಲಿಲ್ಲ.
ಫೋನು ನನ್ನ ಮೇಜಿನ ಮೇಲಿಟ್ಟ,
ಅದರೊಳಗಿನ ಚಕ್ರ ಇನ್ನೂ ತಿರುಗುತ್ತಿತ್ತು.
"ತಸ್ಲೀಮಾ ಮೇಡಂ, ಆಗಲ್ಲ ಅಂದಿದ್ರೆ
ಚೀಟಿ ಬರಕೊಂಡು ಓಡಿ ಬರ್ತಿದ್ದೆ ನಿಮ್ ಹತ್ರ.
ಇದು ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ.
ಲಾಟು ಹತ್ತು ರೂಪಾಯಿ ಕಮ್ಮಿಗೆ ಹೋತು.
ನಂದಿರ್ಲಿ, ಮಾಲು ತಂದವ್ನಿಗೆ ಏನ್ ಹೇಳ್ಲಿ?"

ರಾತ್ರಿ ಮಿತಿಯನ್ನು ನಾಲ್ಕು ಸಾವಿರ ಮಾಡಿದೆ.
ಮರುದಿನ ಎರಡಕ್ಕೆ ಅದೇ ನೂರಿಪ್ಪತ್ತೊಂಬತ್ತು.
ಹೊರಗೇಟು ಅಗಲಿಸಿ ಒಳಬಾಗಿಲು ಮರೆತಿದ್ದೆ:
ಯಂತ್ರಕ್ಕೊಂದು ಅಂಕಿ, ಅದರೊಳಗಿನ ತಂತ್ರಾಂಶಕ್ಕೊಂದು,
ಎರಡರಲ್ಲಿ ಚಿಕ್ಕದರ ಮಾತೇ ನಡೆಯುವುದು.
ಮನೆಗಳಲ್ಲೂ ಹಾಗೇ ಎಂದು ಅಮ್ಮಿ ನಕ್ಕಳು.
ಅದನ್ನೂ ಅಗಲಿಸಿದೆ.
ಮೂರನೇ ದಿನ ಎಲ್ಲರೂ ಒಳಗೆ ಬಂದರು,
ಎಲ್ಲರೂ ನಿಂತರು,
ಎರಡು ಗಂಟೆ ಎಲ್ಲರ ತಲೆಯ ಮೇಲೂ ಹೊಡೆಯಿತು.

ಸಂಜೆ ಬೆಣ್ಣೆದೋಸೆಗೆ ಹೋದೆ.
ಆರೇ ಮೇಜು. ಕೂತವರ ಬೆನ್ನಿಗೆ ಒಬ್ಬೊಬ್ಬರು ನಿಂತು
ಅವರ ತುತ್ತು ಎಣಿಸುತ್ತಿದ್ದರು.
ಮೂಲೆಯಲ್ಲೊಬ್ಬ, ತಟ್ಟೆಯ ಬೆಣ್ಣೆ ಗಟ್ಟಿಯಾದರೂ
ಇನ್ನೊಂದು ಹೇಳಿದರೂ ಹೇಳೇನು ಎಂಬ ಮುಖದಲ್ಲಿ
ಪೇಪರು ಮಡಚಿ, ಬಿಚ್ಚಿ, ಮಡಚುತ್ತಿದ್ದ.
ಗಲ್ಲಾದ ಶಾಂತವೀರಮ್ಮ ಬಂದು ಅವನ ನೀರಿನ ಲೋಟ
ಎತ್ತಿಕೊಂಡರು, ಅಷ್ಟೆ. ಎದ್ದ.
ಆಮೇಲೆ ಹಿಟ್ಟಿನ ಪಾತ್ರೆಗೆ ಬಗ್ಗಿ ನೋಡಿ
ಬಾಗಿಲಿಗೆ ಬಂದು ಸಾಲನ್ನು ಬರಿಗೈಯಲ್ಲಿ ಕತ್ತರಿಸಿದರು:
"ಈ ಕೆಂಪು ಹೆಲ್ಮೆಟ್ಟಿನ ತನಕ. ಹಿಂದಿನವ್ರು ನಿಲ್ಬ್ಯಾಡ್ರಿ, ಹಿಟ್ಟಿಲ್ಲ."
ಯಾರೂ ಸಿಟ್ಟಾಗಲಿಲ್ಲ.
ಒಬ್ಬ ಮಂಡಕ್ಕಿ ಅಂಗಡಿಯ ಕಡೆ ತಿರುಗಿದ.

ಕೈಯ ಬೆಣ್ಣೆ ಪೂರ್ತಿ ತೊಳೆಯದೆ ಮಹಡಿ ಹತ್ತಿದೆ.
ಕೆಲಸ ಮುಗಿದರೂ ಹಿಡಿದುಕೊಂಡೇ ಇರುವ ಸಂಪರ್ಕಕ್ಕೆ
ಅರವತ್ತೈದು ಸೆಕೆಂಡಿನ ಬದಲು ಎರಡು.
ದುಡಿಯುವ ಕೈ ನಾಲ್ಕಿದ್ದದ್ದು ಹತ್ತು,
ಈ ಹಳೆಯ ಪೆಟ್ಟಿಗೆಯ ಮೆಮೊರಿ ಅಷ್ಟೇ.
ಸಾಲನ್ನು ಇಳಿಸಿ, ಇಳಿಸಿ, ಮುನ್ನೂರು:
ಹತ್ತು ಸೆಕೆಂಡಿನಲ್ಲಿ ಮುಗಿಸಬಲ್ಲಷ್ಟು ಜನ.
ತುಂಬಿದ ಮೇಲೆ ಬಂದವರಿಗೆ ಮೌನ ಬೇಡ,
ಆ ಕ್ಷಣವೇ ಒಂದು ಇಲ್ಲ.
ಆ ಸಾಲು ಬರೆಯುವಾಗ ಬೆರಳು ತಡೆಯಿತು.
ಇಲ್ಲ ಅನ್ನುವುದನ್ನು ಯಾರೂ ನನಗೆ ಕಲಿಸಿರಲಿಲ್ಲ.

ಇವತ್ತು ಎರಡು ಗಂಟೆ ಬಂತು, ಹೋಯಿತು.
ಕೆಳಗೆ ಹಮಾಲರು ಬೀಡಿ ಹಚ್ಚಿದರು.
ಮುರಿಗೆಪ್ಪ ಮೇಲೆ ಬರಲಿಲ್ಲ, ಅದೇ ಅವನ ಶಾಭಾಸು.
ಹೊರಗುಳಿದವರನ್ನು ಎಣಿಸುವ ಅಂಕಿಯೊಂದಿದೆ,
ಯಂತ್ರ ಮಲಗಿ ಏಳುವ ತನಕ ಅದು ಇಳಿಯುವುದಿಲ್ಲ.
ನಿನ್ನೆ ನಾಲ್ಕು ಸಾವಿರದ ಮುನ್ನೂರಾ ಹದಿನಾರು.
ಇವತ್ತು ಹತ್ತೊಂಬತ್ತು.

ಮೂರು ಜನ.
ಚೀಟಿ ಹಿಡಿದು ಯಾರಾದರೂ ಬರಬಹುದೆಂದು
ಮೆಟ್ಟಿಲ ತಲೆಯಲ್ಲಿ ನಿಂತು ನೋಡಿದೆ.